ಇಲ್ಲ ಎನ್ನುವ ಪುಟ

ನಮ್ಮೂರಿನಲ್ಲಿ ತಿಂಗಳ ಮೊದಲನೇ ಗುರುವಾರ ಮಧ್ಯಾಹ್ನ ಮನೆಗಳು ಜಾಗ ಬದಲಿಸುತ್ತವೆ. ಹನ್ನೆರಡೂವರೆಗೆ ಎಲ್ಲರೂ ಒಳಗೆ ಸೇರಿ, ಬಾಗಿಲು ಹಾಕಿಕೊಂಡು ಊಟಕ್ಕೆ ಕೂರುತ್ತೇವೆ. ಉಂಡು ಕೈತೊಳೆದು ಬಾಗಿಲು ತೆಗೆದರೆ ಎದುರಿಗೆ ಬೇರೆ ಮನೆ, ಪಕ್ಕದಲ್ಲಿ ಬೇರೆ ಜಗಳ. ಇದರಿಂದ ತೊಂದರೆಯಾಗುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಆಗುತ್ತದೆ. ಎರವಲು ತಂದ ಪಾತ್ರೆಗಳನ್ನು ಬುಧವಾರ ಸಂಜೆಯೊಳಗೆ ಹಿಂತಿರುಗಿಸಬೇಕು, ಇಲ್ಲವಾದರೆ ಯಾರದೋ ಇಡ್ಲಿ ತಟ್ಟೆ ನಮ್ಮಲ್ಲೇ ಉಳಿದುಬಿಡುತ್ತದೆ. ಹೀಗೆ ಓಡಾಡುವ ಮನೆಗೆ ನಲ್ಲಿ ನೀರು ಹೇಗೆ ಬರುತ್ತದೆ ಎಂದೂ ಕೇಳುತ್ತಾರೆ. ಬೆಳಗ್ಗೆ ಆರಕ್ಕೆ ಬರುತ್ತದೆ, ಏಳಕ್ಕೆ ನಿಲ್ಲುತ್ತದೆ.

ಯಾರ ಮನೆ ಎಲ್ಲಿಗೆ ಹೋಯಿತು ಎಂದು ಹೇಳುವುದು ಈರಭದ್ರಣ್ಣನವರ ಕೆಲಸ. ಗುರುವಾರ ಮಧ್ಯಾಹ್ನ ಊರೆಲ್ಲ ಸುತ್ತಿ, ಆಮೇಲೆ ಎರಡು ದಿನ ಸರ್ಕಲ್ಲಿನ ಕಟ್ಟೆಯ ಮೇಲೆ ಕೂತು, ಕೇಳಿದವರಿಗೆ ಹೇಳುತ್ತಾರೆ. ಆರು ನೂರ ಹನ್ನೆರಡು ಮನೆಯೂ ಅವರ ತಲೆಯೊಳಗಿರುತ್ತವೆ. ಕೇಳುವುದು ನಮ್ಮಲ್ಲಿ ಬರೀ ವಿಳಾಸಕ್ಕಾಗಿ ಅಲ್ಲ. ಕೇಳುವವರಿಲ್ಲದ ಮನೆ ಊರಿನ ನಡುವೆ ನಿಲ್ಲುವುದಿಲ್ಲ, ತಿಂಗಳಿಗೊಂದು ಬೀದಿಯಂತೆ ಹೊರಕ್ಕೆ ಸರಿಯುತ್ತ ಹೋಗುತ್ತದೆ. ಆದ್ದರಿಂದ ಪ್ರತಿ ಮನೆಯನ್ನೂ ತಿಂಗಳಿಗೆ ಒಬ್ಬರಾದರೂ ಕೇಳಿರಬೇಕು, ಕೇಳಿದ್ದಕ್ಕೆ ಉತ್ತರ ಸಿಕ್ಕಿರಬೇಕು. ಉತ್ತರ ಸಿಗದಿದ್ದರೆ ಕೇಳಿಯೂ ಕೇಳದಂತೆಯೇ. ಹಾಲಿನವನು, ಕರೆಂಟು ಬಿಲ್ಲಿನವನು ಕೇಳಿದ್ದು ಲೆಕ್ಕಕ್ಕಿಲ್ಲ. ಕೆಲಸವಿಲ್ಲದೆ ಸುಮ್ಮನೆ ಕೇಳಿರಬೇಕು. ತನ್ನ ಮನೆಯನ್ನು ತಾನೇ ಕೇಳುವುದಂತೂ ಅಪಶಕುನ. ನಮ್ಮಲ್ಲಿ ಮದುವೆ ಪತ್ರಿಕೆಯ ಮೇಲೂ ಪಕ್ಕದ ಮನೆಯವರ ಗುರುತನ್ನೇ ಹಾಕುವುದು. ಯಾರು ಕೇಳಿದರು ಎಂಬುದನ್ನು ಈರಭದ್ರಣ್ಣ ಯಾರಿಗೂ ಹೇಳುವಂತಿಲ್ಲ.

ಹೀಗೆ ಹೊರಕ್ಕೆ ಸರಿದ ಮನೆ ಕೊನೆಗೆ ಕೆರೆಯಾಚೆಯ ಕಡೇ ಸಾಲು ಸೇರುತ್ತದೆ. ಅದರಾಚೆ ಜಾಗವಿಲ್ಲದ್ದರಿಂದ ಅಲ್ಲೇ ನಿಲ್ಲುತ್ತದೆ. ಕಡೇ ಸಾಲಿಗೆ ನಡೆದು ಹೋಗುವ ದಾರಿಯಿಲ್ಲ, ಅಲ್ಲಿಂದ ನಡೆದು ಬರುವ ದಾರಿಯೂ ಇಲ್ಲ. ಮನೆಯೇ ಹೋಗಬೇಕು, ಮನೆಯೇ ಬರಬೇಕು.

ನಾನು ಅನಸೂಯ. ಮೂವತ್ತೆಂಟು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದೇನೆ. ಈ ಊರಿನಲ್ಲಿ ಬೆರಳು ನೋಡದೆ ಟೈಪ್ ಮಾಡುವವರೆಲ್ಲ ನನ್ನ ಕೈಯಲ್ಲಿ ಕಲಿತವರು. ನೋಡಿಕೊಂಡು ಮಾಡುವವರು ಬೇರೆ ಎಲ್ಲೋ ಕಲಿತವರು. ನಾನು ಮದುವೆಯಾಗಲಿಲ್ಲ. ನನಗಿರುವುದು ಅಕ್ಕ ಸರ್ವಮಂಗಳ ಒಬ್ಬಳೇ. ಭಾವ ತೀರಿಕೊಂಡ ಮೇಲೆ ಅವಳಿಗೂ ನಾನೊಬ್ಬಳೇ. ಅವಳ ಮನೆಯನ್ನು ನಾನು ಕೇಳುತ್ತಿದ್ದೆ, ನನ್ನದನ್ನು ಅವಳು.

ಹೋದ ವರ್ಷ ಒಂದು ನಾಮಕರಣದಲ್ಲಿ, ನಲವತ್ತು ಜನ ಪಂಕ್ತಿಯಲ್ಲಿ ಕೂತಿದ್ದಾಗ, ಯಾರೋ ನನ್ನ ಟೈಪಿಂಗ್ ವಿದ್ಯೆಯನ್ನು ಹೊಗಳಿದರು. ಅಕ್ಕ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ, "ಇವಳ ಜೂನಿಯರ್ ಪರೀಕ್ಷೆ ಬರ್ದೋಳು ನಾನು ಕಣ್ರೀ. ಇವಳಿಗೆ ಆವತ್ತು ಬೆರಳೇ ನಡುಗ್ತಿತ್ತು" ಅಂದಳು. ಎಲ್ಲರೂ ನಕ್ಕರು. ನಾನು ಎಲೆ ಮಡಚಿ ಎದ್ದು ಬಂದೆ. ಅವಳು ಹೇಳಿದ್ದು ನಿಜ. ಆಗ ನಮ್ಮಿಬ್ಬರ ಮುಖವೂ ಒಂದೇ ಥರ ಇತ್ತು, ಹಾಲ್ ಟಿಕೆಟ್ಟಿನ ಫೋಟೋ ನೋಡಿ ಯಾರಿಗೂ ಗೊತ್ತಾಗಲಿಲ್ಲ. ನಿಜವಾದದ್ದರಿಂದಲೇ ನನಗೆ ಅಷ್ಟು ಸಿಟ್ಟು ಬಂತು. ಸೀನಿಯರ್ ಪರೀಕ್ಷೆಯನ್ನು ಮಾತ್ರ ನಾನೇ ಬರೆದೆ, ಅದೂ ‘ಣ’ ಅಕ್ಷರದ ಕೀಲಿ ಸಿಕ್ಕಿಕೊಳ್ಳುತ್ತಿದ್ದ ಯಂತ್ರದಲ್ಲಿ. ಒಂದೇ ಒಂದು ತಪ್ಪಿಲ್ಲದೆ. ಆ ದಿನದ ವಿಷಯದಲ್ಲಿ ನಾನು ಯಾರ ಮಾತೂ ಸಹಿಸುವುದಿಲ್ಲ.

ಮುಂದಿನ ಗುರುವಾರ ನಾನು ಕಟ್ಟೆಗೆ ಹೋಗಿ ಅಕ್ಕನ ಮನೆ ಕೇಳಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಭಾವನ ಕಡೆಯವರು ಯಾರಾದರೂ ಕೇಳಿಕೊಳ್ಳಲಿ ಎಂದುಕೊಂಡೆ. ಏಳು ತಿಂಗಳಾದ ಮೇಲೆ ಒಂದು ದಿನ ಉಪ್ಪಿನಕಾಯಿ ಜಾಡಿ ತೆಗೆದಾಗ, ಅದು ಅವಳು ಹಾಕಿಕೊಟ್ಟದ್ದೆಂದು ನೆನಪಾಗಿ, ಸಿಟ್ಟು ತಾನಾಗಿ ಇಳಿಯಿತು. ಸರ್ಕಲ್ಲಿಗೆ ಹೋದೆ.

ಈರಭದ್ರಣ್ಣ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. "ಸರ್ವಮಂಗಳಮ್ಮೋರ್ ಮನೇನಾ? ಯಾರೂ ಕೇಳ್ಲಿಲ್ವಲ್ಲ ಮೇಡಂ, ಏಳು ತಿಂಗ್ಳಾಯ್ತು. ಅದು ಕಡೇ ಸಾಲಿಗೆ ಹೋಯ್ತು."

"ಹೋಗಿ ನೋಡ್ಕೊಂಡು ಬಂದು ಹೇಳಿ."

"ಕಡೇ ಸಾಲಿಗೆ ನಾನೂ ಹೋಗೋಕಾಗಲ್ಲ. ನೋಡ್ದೇ ಇರೋದನ್ನ ಹೇಳೋದೂ ಇಲ್ಲ" ಎಂದು ಅವರು ಇನ್ನೊಂದು ಮಂಡಿಗೆ ಎಣ್ಣೆ ಹಾಕಿಕೊಂಡರು.

ಫೋನು ಮಾಡಿದೆ. ಅಕ್ಕ ನನ್ನ ನಂಬರನ್ನು ಬ್ಲಾಕ್ ಮಾಡಿದ್ದಳು. ಆ ವಿದ್ಯೆಯನ್ನು ಅವಳಿಗೆ ಹೇಳಿಕೊಟ್ಟವಳು ನಾನೇ. ಕೆರೆ ಏರಿಯ ಮೇಲೆ ಎಷ್ಟು ನಡೆದರೂ ಕೊನೆಗೆ ಸಂತೆಬೀದಿಯೇ ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಮೂರು ಭಾನುವಾರ ನಡೆದು ನೋಡಿದೆ. ಮೂರು ಸಲವೂ ತರಕಾರಿ ಕೊಂಡು ಮನೆಗೆ ಬಂದೆ. ಮೂರನೇ ಸಲ ಹುರುಳಿಕಾಯಿ ಸೋಸುತ್ತ ಕೂತವಳಿಗೆ ಅಳು ಬಂತು. ಅತ್ತೆ.

ನನ್ನಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿತ್ತು. ಹಳೆಯ ಯಂತ್ರಕ್ಕೆ ಒಗ್ಗುತ್ತದೆಂದು ಅದರಲ್ಲಿ ಲಿನಕ್ಸ್ ಹಾಕಿ, ಮಕ್ಕಳಿಗೆ ಅಭ್ಯಾಸಕ್ಕೆ ಇಟ್ಟಿದ್ದೆ. ವೆಬ್ ಸರ್ವರ್ ಎನ್ನುವುದರ ಬಗ್ಗೆ ಒಂದು ಪತ್ರಿಕೆಯಲ್ಲಿ ಓದಿದೆ. ಅದು ಮನೆಯಲ್ಲೇ ಕೂತಿರುತ್ತದೆ. ಯಾರು ಯಾವ ಪುಟ ಕೇಳಿದರೂ ಕೊಡುತ್ತದೆ, ಇಲ್ಲದ ಪುಟ ಕೇಳಿದರೆ ಇಲ್ಲ ಎನ್ನುತ್ತದೆ, ಯಾರು ಯಾವಾಗ ಏನು ಕೇಳಿದರು ಎಂದು ಬರೆದಿಟ್ಟುಕೊಳ್ಳುತ್ತದೆ. ಅಂದರೆ ಮಂಡಿನೋವಿಲ್ಲದ ಈರಭದ್ರಣ್ಣ. ಊರಿನ ಮನೆಗಳನ್ನೆಲ್ಲ ಅದರಲ್ಲಿ ಹಾಕಿದರೆ ಕಡೇ ಸಾಲಿನಲ್ಲಿ ಕೂತವರೂ ಮೊಬೈಲಿನಲ್ಲಿ ನೋಡಬಹುದು. ಅಕ್ಕನಿಗೆ ಊರಿನವರ ಸುದ್ದಿಯಿಲ್ಲದೆ ಅನ್ನ ಸೇರುವುದಿಲ್ಲ, ಅವಳು ನೋಡೇ ನೋಡುತ್ತಾಳೆ. ನೋಡಿದಾಗ ಅದು ಅವಳೇ ಎಂದು ನನಗೆ ತಿಳಿಯುತ್ತದೆ. ಹೇಗೆ ಎಂದು ನಾನು ಯೋಚಿಸಿರಲಿಲ್ಲ.

ಲಿನಕ್ಸಿನಲ್ಲಿ ಕೆಲಸವಾಗಬೇಕಾದರೆ ಕಪ್ಪು ಪರದೆಯ ಮೇಲೆ ಆದೇಶಗಳನ್ನು ಟೈಪ್ ಮಾಡಬೇಕು. ಮೊದಲು ಸುಡೊ ಎಂದು ಹಾಕದಿದ್ದರೆ ಅದು ಯಾವ ದೊಡ್ಡ ಕೆಲಸಕ್ಕೂ ಏಳುವುದಿಲ್ಲ, ಅರ್ಜಿಯ ಮೇಲೆ ‘ಮಾನ್ಯರೇ’ ಎಂದಿಲ್ಲದಿದ್ದರೆ ಗುಮಾಸ್ತ ಏಳದ ಹಾಗೆ. ಆಮೇಲೆ ಪಾಸ್‌ವರ್ಡ್ ಕೇಳುತ್ತದೆ; ನಾವು ಟೈಪ್ ಮಾಡುವಾಗ ಒಂದು ಚುಕ್ಕೆಯನ್ನೂ ತೋರಿಸುವುದಿಲ್ಲ. ಬೇರೆಯವರು ಇದಕ್ಕೆ ಗಾಬರಿಯಾಗುತ್ತಾರಂತೆ. ನನಗೆ ಆ ಯಂತ್ರದ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. ನಾನು ಮೂವತ್ತೆಂಟು ವರ್ಷ ಹೇಳಿದ್ದು ಅದನ್ನೇ, ನೋಡಬೇಡ, ಬೆರಳನ್ನು ನಂಬು.

ಸರ್ವರ್ ಅರ್ಧ ಗಂಟೆಯಲ್ಲಿ ಬಂದು ಕೂತಿತು. ನಮ್ಮ ಕಂಪ್ಯೂಟರಿನಲ್ಲೇ ತೆರೆದು ನೋಡಿದೆ, ಪುಟ ಬಂತು. ಕುಂಕುಮ ಹಚ್ಚಿ, ಈರಭದ್ರಣ್ಣನವರನ್ನು ಕರೆಸಿ ಕಾಫಿ ಕೊಟ್ಟೆ. ಅವರು ತಮ್ಮ ಮೊಬೈಲಿನಲ್ಲಿ ನೋಡಿದರೆ ಏನೂ ಬರಲಿಲ್ಲ. ನಾನು ಮಾಡಿದ್ದು ಮನೆಯೊಳಗೇ ಕೂತು ಮನೆಯವರಿಗೇ ಉತ್ತರ ಹೇಳುವ ಸರ್ವರ್. ಹೊರಗಿನವರಿಗೆ ತೆರೆಯಲು ಇನ್ನೂ ಹನ್ನೊಂದು ದಿನ ಹಿಡಿಯಿತು. ಲಿನಕ್ಸಿನೊಳಗೆ ಒಂದು ಕಾವಲಿತ್ತು, ಹೊರಗಿನವರನ್ನು ಬಿಡು ಎಂದು ಅದಕ್ಕೆ ಹೇಳಬೇಕಾಯಿತು. ಗೋಡೆಯ ಮೇಲೆ ದೀಪ ಮಿಟುಕಿಸುವ ಇಂಟರ್ನೆಟ್ಟಿನ ಡಬ್ಬಿಗೆ, ಪುಟ ಕೇಳುವವರು ತಟ್ಟುವ ಎಂಬತ್ತನೇ ಬಾಗಿಲಿಗೆ ಬಂದವರನ್ನು ಈ ಕಂಪ್ಯೂಟರಿನ ಹತ್ತಿರ ಕಳಿಸು ಎಂದು ಹೇಳಬೇಕಾಯಿತು. ಕೊನೆಯ ತೊಡಕೆಂದರೆ, ಇಂಟರ್ನೆಟ್ಟಿನವರು ಮನೆಗೆ ಕೊಡುವ ವಿಳಾಸದ ಅಂಕಿ ಆಗಾಗ ಬದಲಾಗುತ್ತದೆ. ಅದಕ್ಕೆ ಬದಲಾಗದ ಒಂದು ಹೆಸರನ್ನು ಇಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ‘ನಾನೀಗ ಇಲ್ಲಿದ್ದೇನೆ’ ಎಂದು ಹೆಸರುಗಳ ಪಟ್ಟಿ ನೋಡಿಕೊಳ್ಳುವವರಿಗೆ ತಿಳಿಸುತ್ತಿರಬೇಕು.

"ಅಂದ್ರೆ ಅದೂ ನಮ್ ಮನೆಗಳ ಥರಾನೇ ಅನ್ನಿ" ಅಂದರು ಈರಭದ್ರಣ್ಣ. ಬೇರೆ ಊರಿನಲ್ಲಿ ಇದನ್ನು ಅರ್ಥ ಮಾಡಿಸಲು ಒಂದು ದಿನ ಬೇಕಾಗುತ್ತಿತ್ತೇನೋ.

ಅವರು ಒಪ್ಪಿದ್ದು ಮಂಡಿಯ ದೆಸೆಯಿಂದ. ಗುರುವಾರ ಸುತ್ತಿ ಬಂದು ನನ್ನ ಮುಂದೆ ಕೂತು ಹೇಳುವುದು, ನಾನು ಟೈಪ್ ಮಾಡುವುದು. ಒಂದು ಮನೆಗೆ ಒಂದು ಪುಟ: ‘ಎಣ್ಣೆ ಗಾಣದ ಎದುರು, ಮೂರನೆಯದು’. ಹೆಸರು ಹಾಕಿ ಕೇಳಿದರೆ ಪುಟ ಬರುತ್ತದೆ. ಅವರ ಪಟ್ಟಿಯಲ್ಲಿ ಅಕ್ಕನ ಮನೆ ಇರಲಿಲ್ಲ. ನನ್ನ ಮನೆ ಇತ್ತು. ಅದನ್ನು ನಾನು ಟೈಪ್ ಮಾಡಲಿಲ್ಲ. ತನ್ನ ಕೈಯಿಂದ ತನ್ನ ಮನೆಯ ವಿಳಾಸ ಬರೆಯುವವರು ನಮ್ಮಲ್ಲಿ ಯಾರೂ ಇಲ್ಲ. ಅದನ್ನು ಯಾಕೆ ಬಿಟ್ಟಿರಿ ಎಂದು ಈರಭದ್ರಣ್ಣನವರೂ ಕೇಳಲಿಲ್ಲ. ತಮಗೆ ಫೋನಿನಲ್ಲಿ ಕೇಳುವವರಿಗೆಲ್ಲ, "ಇನ್ಮೇಲೆ ಅನಸೂಯ ಮೇಡಂ ಮಿಶೀನಲ್ಲೇ ಕೇಳ್ಕೊಳಿ" ಎಂದು ಹೇಳಿ ಫೋನಿಟ್ಟುಬಿಟ್ಟರು.

ಕೇಳಿದ್ದನ್ನೆಲ್ಲ ಸರ್ವರ್ ಒಂದು ಕಡತದಲ್ಲಿ ಸಾಲುಸಾಲಾಗಿ ಬರೆಯುತ್ತಿತ್ತು. ಕನ್ನಡದ ಹೆಸರುಗಳು ಅದರಲ್ಲಿ ಕನ್ನಡವಾಗಿ ಕಾಣುವುದಿಲ್ಲ, ಶೇಕಡಾ ಗುರುತು ಮತ್ತು ಅಂಕಿಗಳ ಗಂಟಾಗಿ ಕಾಣುತ್ತವೆ. ನಾನು ಸಾಲಿನ ಕೊನೆಯಷ್ಟೇ ನೋಡುತ್ತಿದ್ದೆ. ಇನ್ನೂರು ಎಂದಿದ್ದರೆ ಪುಟ ಸಿಕ್ಕಿತು, ನಾನೂರ ನಾಲ್ಕು ಎಂದಿದ್ದರೆ ಅಂಥ ಪುಟ ಇಲ್ಲ. ನಾನೂರ ನಾಲ್ಕುಗಳೂ ಇದ್ದವು. ಅವರೆಲ್ಲ ಹೆಸರು ತಪ್ಪಾಗಿ ಟೈಪ್ ಮಾಡಿದವರು. ತಪ್ಪು ಟೈಪ್ ಮಾಡಿದವರಿಗೆ ಇಲ್ಲ ಎಂದೇ ಉತ್ತರ ಬರಬೇಕು, ಆಗಲೇ ಕಲಿಯುವುದು ಎಂದು ನಾನು ತೃಪ್ತಿಯಿಂದ ಇದ್ದೆ.

ಸರ್ವರ್ ಬಂದ ಮೊದಲ ಗುರುವಾರ ಬಾಗಿಲು ತೆಗೆದರೆ ನನ್ನ ಮನೆ ಅಕ್ಕಿ ಗಿರಣಿಯ ಹಿಂದಿತ್ತು. ಎರಡನೆಯ ತಿಂಗಳು ಇಟ್ಟಿಗೆ ಗೂಡಿನ ಪಕ್ಕ. ಮೂರನೆಯದಕ್ಕೆ ಸ್ಮಶಾನದ ಎದುರು. ಅಲ್ಲಿಗೆ ಬರಲು ಮಕ್ಕಳ ತಾಯಂದಿರು ಒಪ್ಪಲಿಲ್ಲ, ಟೈಪಿಂಗ್ ಶಾಲೆಯಲ್ಲಿ ಯಂತ್ರಗಳು ಮತ್ತು ನಾನು ಉಳಿದೆವು. ನಾಲ್ಕನೆಯ ಗುರುವಾರ ಕಿಟಕಿಯಲ್ಲಿ ಕೆರೆ ಏರಿಯ ಬುಡ ಕಂಡಿತು. ಈರಭದ್ರಣ್ಣ ಏದುಸಿರು ಬಿಡುತ್ತ ಬಂದು ಕೂತರು.

"ಮೇಡಂ, ನೀವ್ಯಾಕೋ ದೂರ ಆಗ್ತಾ ಇದೀರ. ಇನ್ನೊಂದ್ ಬೀದಿ ಆದ್ರೆ ಕಡೇ ಸಾಲು."

"ನನ್ನನ್ನ ಕೇಳೋರು ಯಾರಿದಾರೆ ಈರಭದ್ರಣ್ಣ? ಇದ್ದೋಳು ಒಬ್ಬಳು. ಅವಳೂ ಸಿಟ್ಟು ಮಾಡ್ಕೊಂಡಿದಾಳೆ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿದ್ದು ಸ್ವಲ್ಪ ಜಾಸ್ತಿಯೇ ಹೊತ್ತು. "ಕೇಳ್ತಾ ಇದ್ರು. ತಿಂಗ್ ತಿಂಗ್ಳೂ ಫೋನಲ್ಲಿ ಕೇಳೋರು. ಒಂದ್ ತಿಂಗ್ಳೂ ತಪ್ಪಿಸ್ಲಿಲ್ಲ. ಮಿಶೀನ್ ಬಂದ್ಮೇಲೆ ನಾನೇ ಅದ್ರಲ್ಲಿ ಕೇಳಿ ಅಂದೆ."

"ಯಾರು?"

"ಅದನ್ ಹೇಳೋಂಗಿಲ್ಲ" ಎಂದು ಅವರು ಗೋಡೆ ನೋಡಿದರು.

ನಾನು ಅವಳನ್ನು ಕೇಳದೆ ಬಿಟ್ಟ ಏಳು ತಿಂಗಳೂ ನನ್ನ ಮನೆ ಊರಿನ ನಡುವೆ ಆರಾಮಾಗಿ ನಿಂತಿತ್ತು. ಯಾಕೆ ನಿಂತಿದೆ ಎಂದು ಒಂದು ದಿನವಾದರೂ ನಾನು ಯೋಚಿಸಿದವಳಲ್ಲ. ಕಡತ ತೆಗೆದೆ. ನಾನೂರ ನಾಲ್ಕರ ಸಾಲುಗಳನ್ನಷ್ಟೇ ಬೇರೆ ಮಾಡಿಸಿದೆ. ಅವುಗಳಲ್ಲಿ ಒಂದೇ ಗಂಟು ಮತ್ತೆ ಮತ್ತೆ ಬಂದಿತ್ತು. ಮೊದಲನೇ ತಿಂಗಳು ಒಂದು ಸಲ, ಎರಡನೇ ತಿಂಗಳು ನಾಲ್ಕು ಸಲ, ಮೂರನೇ ತಿಂಗಳು ದಿನ ಬಿಟ್ಟು ದಿನ, ಆಮೇಲಂತೂ ದಿನಾಲೂ, ಮಧ್ಯಾಹ್ನ ಒಂದೂವರೆಗೆ, ಉಂಡು ಕೈತೊಳೆಯುವ ಹೊತ್ತಿಗೆ. ಆ ಗಂಟನ್ನು ಬ್ರೌಸರಿನ ಮೇಲಿನ ಪಟ್ಟಿಗೆ ಅಂಟಿಸಿದೆ. ಅದು ಬಿಚ್ಚಿಕೊಂಡು ಕನ್ನಡವಾಯಿತು: ಬುಡ್ಡಿ ಮನೆ.

ನಾನು ಕುಳ್ಳಿ ಎಂದು ಬುಡ್ಡಿ ಎನ್ನುತ್ತಿದ್ದವಳು ಈ ಭೂಮಿಯ ಮೇಲೆ ಒಬ್ಬಳೇ. ಬುಡ್ಡಿ ಮನೆ ಎಲ್ಲಿ ಎಂದು ಅವಳು ಕೇಳಿದ್ದಳು. ಇಲ್ಲ ಎಂದು ನನ್ನ ಯಂತ್ರ ಹೇಳಿತ್ತು. ಅನಸೂಯ ಎಂದೂ ಒಂದೆರಡು ಸಲ ಕೇಳಿ ನೋಡಿದ್ದಳು. ಅದಕ್ಕೂ ಇಲ್ಲ. ಊರಿನ ಎಲ್ಲ ಮನೆಯೂ ಸಿಗುವಲ್ಲಿ ತಂಗಿಯ ಮನೆಯೊಂದು ಇಲ್ಲವೆಂದರೆ ಅವಳು ಏನೆಂದುಕೊಂಡಿರಬೇಕು?

ಈರಭದ್ರಣ್ಣನವರಿಗೆ ಉಪಾಯ ತಕ್ಷಣ ಹೊಳೆಯಿತು. "ಅಪಶಕುನಾನೂ ಬೇಡ ಏನೂ ಬೇಡ. ಬುಡ್ಡಿ ಮನೆ ಅಂತ ಒಂದ್ ಪುಟ ನಾನೇ ಹೊಡೀತೀನಿ, ಒಂದ್ ಬೆರಳಲ್ಲಾದ್ರೂ ಸರಿ. ಅವ್ರು ಕೇಳಿದ ತಕ್ಷಣ ಉತ್ತರ ಹೋಗತ್ತೆ, ಬರೋ ಗುರುವಾರ ನೀವು ವಾಪಸ್ ಸರ್ಕಲ್ ಪಕ್ಕ."

"ಅವಳು?"

"ಅವ್ರು ಅಲ್ಲೇ."

ಪುಟ ಹಾಕಿದರೆ ನನ್ನ ಮನೆ ಹಿಂದಕ್ಕೆ ಬರುತ್ತದೆ, ಹಾಕದಿದ್ದರೆ ಇನ್ನೊಂದು ಬೀದಿ ದಾಟಿ ಕಡೇ ಸಾಲಿಗೆ ಹೋಗುತ್ತದೆ. ಹೋದ ಮೇಲೆ ಯಾರಾದರೂ ಸುಮ್ಮನೆ ಕೇಳುವವರಿಲ್ಲದಿದ್ದರೆ ಅಲ್ಲಿಂದ ಬರುವುದು ಆಗುವ ಮಾತಲ್ಲ. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೆ ಪುಟ ಬೇಡ ಅಂದೆ. ಹಾಗಾದರೆ ಇನ್ನೊಂದು ತಿಂಗಳು ಅವಳಿಗೆ ದಿನಾಲೂ ಇಲ್ಲ ಎಂದೇ ಹೇಳುವುದೇ ಎಂದು ಕೇಳಿದರು ಈರಭದ್ರಣ್ಣ. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಇಲ್ಲ ಎನ್ನುವಾಗ ಏನು ತೋರಿಸಬೇಕು ಎಂಬುದನ್ನೂ ಸರ್ವರಿಗೆ ನಾವೇ ಬರೆದುಕೊಡಬಹುದು. ಕಡತದಲ್ಲಿ ಅದು ನಾನೂರ ನಾಲ್ಕು ಎಂದೇ ಬೀಳುತ್ತದೆ, ಲೆಕ್ಕಕ್ಕೆ ಉತ್ತರವಲ್ಲ. ಓದಲಿಕ್ಕೆ ಮಾತ್ರ ಅಡ್ಡಿಯಿಲ್ಲ.

ಸುಡೊ ಎಂದು ಬಡಿದು, ಇಲ್ಲ ಎನ್ನುವ ಪುಟ ಬರೆದೆ: ‘ನೀವು ಕೇಳಿದ ಮನೆ ಇಲ್ಲಿಲ್ಲ. ಅಕ್ಕಾ, ಜೂನಿಯರ್ ಪರೀಕ್ಷೆ ಬರೆದವಳು ನೀನೇ. ನಲವತ್ತು ಜನರ ಮುಂದೆ ನೀನು ಹೇಳಿದ್ದು ನಿಜ. ಏಳು ತಿಂಗಳು ನಾನು ನಿನ್ನನ್ನು ಕೇಳಲಿಲ್ಲ, ಅದು ನನ್ನ ತಪ್ಪು. ಈ ತಿಂಗಳು ಇಲ್ಲ ಎಂದೇ ಬರಲಿ. ನಾನು ಆ ಕಡೆಗೇ ಬರುತ್ತಿದ್ದೇನೆ. ಬುಡ್ಡಿ.’

ಮಾರನೇ ದಿನ ಒಂದೂವರೆಗೆ ಕಡತದ ಮುಂದೆ ಕೂತೆ. ಸಾಲು ಬಂತು, ಕೊನೆಗೆ ನಾನೂರ ನಾಲ್ಕು. ಎರಡು ನಿಮಿಷ ಬಿಟ್ಟು ಅದೇ ಸಾಲು ಮತ್ತೆ ಬಂತು. ಆಮೇಲೆ ಮತ್ತೆ. ಆ ಮಧ್ಯಾಹ್ನ ಹನ್ನೊಂದು ಸಲ ಬಂತು.

ಇಲ್ಲ ಎನ್ನುವ ಪುಟದ ತೊಂದರೆಯೆಂದರೆ ಅದು ಅಕ್ಕನೊಬ್ಬಳಿಗೇ ಕಾಣುವುದಲ್ಲ. ಊರಿನಲ್ಲಿ ಯಾರು ಯಾರ ಮನೆಯನ್ನು ತಪ್ಪು ಟೈಪ್ ಮಾಡಿದರೂ ಅವರಿಗೆ ಬರುವುದು ಅದೇ. ಮೂರನೇ ದಿನಕ್ಕೆ ನನ್ನ ಹಳೆಯ ವಿದ್ಯಾರ್ಥಿ, ಕೋರ್ಟಿನಲ್ಲಿ ಟೈಪಿಸ್ಟಾಗಿರುವ ತಿಪ್ಪೇಶ, ಸೈಕಲ್ ತುಳಿದುಕೊಂಡು ಕೆರೆ ಏರಿಯವರೆಗೆ ಬಂದ.

"ಮೇಡಂ, ನಿಮ್ ಮಿಶೀನಿಗೆ ಯಾರೋ ಏನೋ ಮಾಡಿದಾರೆ. ನೀವು ಜೂನಿಯರ್ ಬರ್ದಿಲ್ಲ ಅಂತೆಲ್ಲ ಬರ್ತಾ ಇದೆ."

"ಯಾರೂ ಏನೂ ಮಾಡಿಲ್ಲ. ನಾನೇ ಹಾಕಿದ್ದು, ನಿಜಾನೇ ಬರ್ತಾ ಇರೋದು."

ಅವನು ಸೈಕಲ್ಲಿನ ಸೀಟು ಒರೆಸತೊಡಗಿದ.

"ನಿಂಗೆ ಆ ಪುಟ ಹೇಗೆ ಬಂತು? ಯಾರ ಹೆಸರು ತಪ್ಪು ಹೊಡ್ದೆ?" ಅಂದೆ.

ತಿಪ್ಪೇಶ ಸೈಕಲ್ ತಿರುಗಿಸಿಕೊಂಡು ಹೊರಟುಹೋದ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಕೆಲವರು ಬೇಕೆಂದೇ ತಪ್ಪು ಹೊಡೆದು ಓದಿದರು. ನಾನು ಅಂದುಕೊಂಡಷ್ಟು ಮಾನವೇನೂ ಹೋಗಲಿಲ್ಲ; ಹೋಗುವ ಮಾನವನ್ನು ಅಕ್ಕ ನಾಮಕರಣದಲ್ಲೇ ಕಳೆದಿದ್ದಳು.

ತಿಂಗಳು ಕಳೆದು, ಬುಧವಾರ ಸಂಜೆ ಎರವಲು ಪಾತ್ರೆಗಳನ್ನು ಕೊಟ್ಟು ಬಂದೆ. ಈರಭದ್ರಣ್ಣ ಕೋಲೂರಿಕೊಂಡು ಬಂದು ಹೊಸಿಲ ಹೊರಗೇ ನಿಂತರು. "ನಲವತ್ತು ವರ್ಷ ಬೇರೆಯವ್ರು ಕೇಳಿದ್ದಕ್ಕೆ ಹೇಳಿದೀನಿ. ನಾನು ಯಾರ್ನೂ ಕೇಳಿಲ್ಲ, ಕೇಳೋಕೆ ಪುರುಸೊತ್ತಾಗ್ಲಿಲ್ಲ. ಅಲ್ಲಿ ಹೋಗಿ ಎರಡೂ ಮನೇದು ಪುಟ ಹಾಕಿ. ಇಬ್ರನ್ನೂ ನಾನ್ ಕೇಳ್ತೀನಿ. ಕೆಲಸಕ್ಕಲ್ಲ, ಸುಮ್ನೆ."

ಗುರುವಾರ ಬೇಳೆಸಾರು, ಹುರುಳಿಕಾಯಿ ಪಲ್ಯ ಮಾಡಿ ಬಾಗಿಲು ಹಾಕಿಕೊಂಡು ಕೂತೆ. ಪದ್ಧತಿ ಪದ್ಧತಿಯೇ ಎಂದು ಪೂರ್ತಿ ಉಂಡೆ. ಕೈತೊಳೆದೆ. ಚಿಲಕ ತೆಗೆಯುವಾಗ ಬೆರಳು ನಡುಗುತ್ತಿದ್ದವು, ಜೂನಿಯರ್ ಪರೀಕ್ಷೆಯ ದಿನ ನಡುಗಿದ ಹಾಗೆಯೇ.

ಎದುರಿಗೆ ಹಸಿರು ಬಾಗಿಲಿನ ಮನೆ. ಜಗುಲಿಯ ಮೇಲೆ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. ಸ್ವಲ್ಪ ಇಳಿದುಹೋಗಿದ್ದಳು. ನಾವಿಬ್ಬರೂ ಬೀದಿ ದಾಟಲಿಲ್ಲ, ಬೀದಿ ಅಗಲವೇನೂ ಇರಲಿಲ್ಲ.

"ಊಟ ಆಯ್ತೇನೇ?" ಅಂದಳು.

"ಆಯ್ತು. ನಿಂದು?"

"ಹೂಂ. ಆ ಮಿಶೀನಲ್ಲಿ ಇಲ್ಲ ಇಲ್ಲ ಅಂತ ಬರ್ತಿತ್ತಲ್ಲ, ನೀನು ಸತ್ತೇ ಹೋದೆ ಅಂತ ನಾನು ಅತ್ತಿದ್ದೇ ಅತ್ತಿದ್ದು. ಮುಂಡೇದೇ, ನಿನ್ ಮನೆ ನೀನು ಹಾಕ್ಕೊಳೋಕೆ ಏನಾಗಿತ್ತು?" ಎಂದು ಅವಳು ಜಗುಲಿಯ ಮೇಲೇ ಕೂತು ಅಳತೊಡಗಿದಳು. ನಾನು ಬೀದಿ ದಾಟಿ ಹೋಗಿ ಪಕ್ಕದಲ್ಲಿ ಕೂತೆ. ನನಗೂ ಬಂತು.

ಅತ್ತು ಮುಗಿದ ಮೇಲೆ ನನ್ನ ಮನೆಯಲ್ಲಿ ಕಾಫಿ ಮಾಡಿದೆ. ಕಂಪ್ಯೂಟರಿನಲ್ಲಿ ಅವಳ ಮನೆಯ ಪುಟವನ್ನು ನಾನು ಟೈಪ್ ಮಾಡಿದೆ, ನನ್ನದನ್ನು ಅವಳು ಮಾಡಿದಳು, ಅಪಶಕುನ ಬೇಡವೆಂದು. ಅವಳ ಬೆರಳು ಈಗಲೂ ಚುರುಕಾಗಿವೆ. ಸ್ವಲ್ಪ ಹೊತ್ತಿಗೆ ಕಡತದಲ್ಲಿ ಎರಡು ಸಾಲು ಬಂದವು, ಎರಡರ ಕೊನೆಗೂ ಇನ್ನೂರು. ಈರಭದ್ರಣ್ಣ ಕೇಳಿದ್ದರು.

ಅಕ್ಕ ಲೋಟ ಕೆಳಗಿಟ್ಟು, ಮೊಬೈಲಿನಲ್ಲಿ ಇಲ್ಲ ಎನ್ನುವ ಪುಟ ತೆಗೆದು ಹನ್ನೆರಡನೇ ಸಲವೋ ಏನೋ ಓದಿದಳು. ಓದಿ ಮೂಗು ಒರೆಸಿಕೊಂಡು, "ಇದರಲ್ಲಿ ಜೂನಿಯರ್ ಅಂತ ಮಾತ್ರ ಇದೆ" ಅಂದಳು.

"ಮತ್ತೆ?"

"ಸೀನಿಯರ್ರೂ ನಾನೇ ಬರ್ದಿದ್ದಲ್ವೇನೇ? ಆ ಯಾವುದೋ ಅಕ್ಷರ ಸಿಕ್ಕಾಕ್ಕೊಳ್ತಿತ್ತು ನೋಡು, ನಂಗೆ ಚೆನ್ನಾಗಿ ಜ್ಞಾಪಕ ಇದೆ."

ಆ ‘ಣ’ದ ಕೀಲಿಯ ಕಥೆಯನ್ನು ನಾನೇ ಅವಳಿಗೆ ನೂರು ಸಲ ಹೇಳಿದ್ದೆ. ಅವಳ ಮುಖ ನೋಡಿದೆ. ಹಟವಿರಲಿಲ್ಲ, ಕುಹಕವೂ ಇರಲಿಲ್ಲ. ಕಡೇ ಸಾಲಿನಲ್ಲಿ ಅಷ್ಟು ತಿಂಗಳು ಒಬ್ಬಳೇ ಕೂತು, ತಂಗಿಗಾಗಿ ತಾನು ಮಾಡಿದ್ದನ್ನೆಲ್ಲ ನೆನೆಸಿಕೊಂಡು, ಮಾಡದ್ದನ್ನೂ ನೆನೆಸಿಕೊಂಡಿದ್ದಳು.

"ಹೌದಲ್ಲ, ಮರ್ತೇಹೋಗಿತ್ತು" ಅಂದೆ. ಕಂಪ್ಯೂಟರಿನ ಮುಂದೆ ಕೂತು, ಸುಡೊ ಎಂದು ಬಡಿದು, ಇಲ್ಲ ಎನ್ನುವ ಪುಟ ತೆರೆದು, ಜೂನಿಯರ್ ಪಕ್ಕದಲ್ಲಿ ಸೀನಿಯರ್ ಎಂದೂ ಸೇರಿಸಿದೆ. ಈ ಮೂವತ್ತೆಂಟು ವರ್ಷದಲ್ಲಿ, ಗೊತ್ತಿದ್ದೂ ಗೊತ್ತಿದ್ದೂ ನಾನು ಟೈಪ್ ಮಾಡಿದ ತಪ್ಪು ಅದೊಂದೇ.